ಹುಬ್ಬಳ್ಳಿಂದ ಒಂದ ದಿನ: ಬಿಂಕದಕಟ್ಟಿ ಝೂದಾಗ ಹುಲಿ-ಚಿರತಿ ನೋಡಿ, ಗದಗ ಅಡ್ಡ್ಯಾಡಿ ಬರೂದು ಹ್ಯಾಂಗ

ಗದಗಕ್ಕ ಹೋದವ್ರು ಭಾಳ ಮಂದಿ ಏನ್ ಮಾಡ್ತಾರಂದ್ರ, ಮೊದಲ ಗುಡಿ, ಆಮ್ಯಾಲ ಖಾನಾವಳಿ, ಹೊಟ್ಟಿ ತುಂಬಿದ ಮ್ಯಾಲ "ನಡ್ರಿ ಹಂಗ ಝೂ ನೋಡ್ಕೊಂಡ ಹೋಗೂಣು" ಅಂತ ಮಧ್ಯಾಹ್ನ ಎರಡ-ಮೂರಕ್ಕ ಬಿಂಕದಕಟ್ಟಿಗೆ ಬರ್ತಾರ. ಅಷ್ಟೊತ್ತಿಗೆ ಹುಲಿ ನೆಳ್ಳಾಗ ಕಾಲ್ ಚಾಚಿ ಮಲಗಿರ್ತೈತಿ, ಚಿರತಿ ಎಲ್ಲೈತಿ ಅಂತನ ಕಾಣಂಗಿಲ್ಲ, ಹುಡುಗ್ರು ಐಸ್‌ಕ್ರೀಮ್ ಬೇಕಂತ ಅಳ್ತಿರ್ತಾವ, ಮನಿಗೆ ಬಂದು "ಅಲ್ಲೇನೂ ಇಲ್ರಿ" ಅಂತಾರ. ಇರೂದೇನೋ ಐತಿ, ಹೊತ್ತ ಸರಿ ಇಲ್ಲ ಅಷ್ಟ. ಅದಕ್ಕ ಈ ಪ್ಲ್ಯಾನ್ ಉಲ್ಟಾ: ಮೊದಲ ಝೂ, ಆಮ್ಯಾಲ ಊರು.

ಮೊದಲ ದಿನ ಆರಿಸ್ಕೋರಿ

ಮಂಗಳವಾರ ಬ್ಯಾಡ. ನಮ್ಮ ರಾಜ್ಯದ ಝೂಗೋಳು ಹೆಚ್ಚಾಗಿ ಮಂಗಳವಾರ ರಜಾ ಇರ್ತಾವ, ಹಬ್ಬದ ಸೀಜನ್ ಇದ್ರ ಒಮ್ಮೊಮ್ಮೆ ತಗದಿರ್ತಾರ, ಅದಕ್ಕ ಹೊರಡೂ ಹಿಂದಿನ ದಿನ ಒಂದ ಫೋನ್ ಹಚ್ಚಿ ಕೇಳಿಬಿಡ್ರಿ, ಟಿಕೆಟ್ ರೇಟು, ಟೈಮಿಂಗೂ ಅದ ಫೋನ್ಯಾಗ ಕೇಳಿದ್ರ ಮುಗೀತು. ಐತವಾರ ಹೋಗಬಹುದು ಆದ್ರ ಗದ್ಲ. ಗದ್ಲ ಅಂದ್ರ ನಿಮಗಷ್ಟ ಅಲ್ಲ, ಪ್ರಾಣಿಗೂ ತ್ರಾಸು, ಪಂಜರದ ಮುಂದ ಇಪ್ಪತ್ತ ಮಂದಿ ನಿಂತು "ಏ ಹುಲಿ, ಏಳೋ" ಅಂತ ಚೀರಾಡಿದ್ರ ಯಾವ ಹುಲಿ ಮುಂದ ಬಂದೀತು? ರಜಾ ಸಿಗೂದಿದ್ರ ಬುಧವಾರ, ಗುರುವಾರ ಛಲೋ.

ಸೀಜನ್ ಲೆಕ್ಕಾ ಹಾಕಿದ್ರ ನವೆಂಬರ್‌ದಿಂದ ಫೆಬ್ರವರಿ ತನಕ ಬೆಸ್ಟ್. ಮುಂಜಾನಿ ಥಂಡಿ ಇರ್ತೈತಿ, ಪ್ರಾಣಿಗೋಳು ಬಿಸಿಲ ಕಾಸಾಕ ಹೊರಗ ಬಂದಿರ್ತಾವ. ಮಳಿಗಾಲದಾಗ ಮೋಡ ಮುಚ್ಚಿದ ದಿನಾನೂ ಮಸ್ತ್. ಏಪ್ರಿಲ್, ಮೇ ಒಳಗ ಗದಗ ಬಿಸಿಲು ಗೊತ್ತಲ್ರಿ, ಆ ಹೊತ್ತಿನ್ಯಾಗ ಹೋಗೂದಿದ್ರ ಗೇಟ್ ತಗ್ಯೂದ್ರಾಗ ಅಲ್ಲಿರಬೇಕು, ಇಲ್ಲಾಂದ್ರ ಸುಮ್ನ ಮನ್ಯಾಗ ಇರೂದು ಛಲೋ.

ಹೋಗೂದು ಹ್ಯಾಂಗ

ಬಿಂಕದಕಟ್ಟಿ ಗದಗಿನ ಮಗ್ಗಲಾಗ, ಹುಬ್ಬಳ್ಳಿ ರೋಡಿಗೇ ಐತಿ. ಅಂದ್ರ ಹುಬ್ಬಳ್ಳಿಂದ ಹೊಂಟವ್ರಿಗೆ ಊರಕಿಂತ ಮೊದಲ ಝೂ ಸಿಗ್ತೈತಿ, ನಮ್ಮ ಉಲ್ಟಾ ಪ್ಲ್ಯಾನಿಗೆ ಇದು ಭಾಳ ಅನುಕೂಲ. ಹುಬ್ಬಳ್ಳಿ-ಗದಗ ಸುಮಾರು 58 ಕಿಲೋಮೀಟರ್. ಸ್ವಂತ ಗಾಡಿ ಇದ್ರ ಮುಂಜಾನಿ ಚಾ ಕುಡದು ಹೊಂಟ್ರ ಬಿಸಿಲೇರೂದ್ರಾಗ ಗೇಟಿನ ಮುಂದ ಇರ್ತೀರಿ. ಧಾರವಾಡದವ್ರು ಇನ್ನೊಂದ ತಾಸು ಮೊದಲ ಏಳ್ರಿ, ಬೈಪಾಸ್ ನಂಬಿ ಕೂಡಬ್ಯಾಡ್ರಿ.

ಬಸ್ಸಿಗೆ ಹೋಗೂದಿದ್ರ ಹತ್ತೂ ಮೊದಲ ಕಂಡಕ್ಟರನ್ನ ಕೇಳ್ರಿ, "ಬಿಂಕದಕಟ್ಟಿ ಝೂ ಕಡೆ ಸ್ಟಾಪ್ ಕೊಡ್ತೀರೇನು" ಅಂತ. ಕೊಡ್ತೇವಿ ಅಂದ್ರ ಹತ್ರಿ, ಇಲ್ಲಾಂದ್ರ ಗದಗ ಬಸ್‌ಸ್ಟ್ಯಾಂಡ್ ತನಕ ಹೋಗಿ ಅಲ್ಲಿಂದ ಆಟೋ ಇಲ್ಲಾ ಲೋಕಲ್ ಬಸ್ ಹಿಡದು ಹಿಂದ ಬರಬೇಕಾಗ್ತೈತಿ, ಅದೇನ್ ದೂರ ಇಲ್ಲ ಆದ್ರ ಹೊತ್ತ ಹೋಗ್ತೈತಿ, ಮುಂಜಾನಿ ಹೊತ್ತು ಇಲ್ಲಿ ಬಂಗಾರ. ಮನ್ಯಾಗಿನ ಹೆಣ್ಮಕ್ಳು ಆಧಾರ್ ಕಾರ್ಡ್ ಇಟ್ಕೋರಿ, ಶಕ್ತಿ ಯೋಜನಾ 2023ರ ಜೂನ್‌ದಿಂದ ಐತಿ, ಸಾದಾ ಬಸ್ಸಿಗೆ ರೊಕ್ಕ ಇಲ್ಲ.

ಸಣ್ಣ ಹುಡುಗ್ರು ಇದ್ರ ನಾ ಟ್ರೇನ್ ಹೇಳ್ತೇನಿ. ಹುಬ್ಬಳ್ಳಿ ಸ್ಟೇಷನ್ನಿನ ಆ 1,507 ಮೀಟರಿನ ಪ್ಲಾಟ್‌ಫಾರ್ಮ್, ಜಗತ್ತಿನ್ಯಾಗ ಎಲ್ಲಾಕಿಂತ ಉದ್ದಂದು ಅಂತ ಹೆಸರಾಗೈತಲ್ಲ, ಅದನ್ನ ತೋರ್ಸಿದಂಗೂ ಆತು, ಎರೀ ಹೊಲದ ನಡುವ ಹಾದು ಹೋಗೂದು ಹುಡುಗ್ರಿಗೆ ಮಜಾನೂ ಆತು. ಆದ್ರ ಗದಗ ಜಂಕ್ಷನ್ನಿನ್ಯಾಗ ಇಳದು ಝೂಕ್ಕ ಆಟೋ ಮಾಡಬೇಕು, ಹೋಗಿ ಬರೂ ರೇಟು ಮೊದಲ ಮಾತಾಡ್ರಿ.

ಗೇಟ್ ದಾಟಿದ ಕೂಡ್ಲೆ ಎಲ್ಲಿ ಹೋಗಬೇಕು

ಸೀದಾ ಬೆಕ್ಕಿನ ಜಾತಿ ಇರೂ ಕಡೆ. ದಾರ್ಯಾಗ ಜಿಂಕಿ, ಹಕ್ಕಿ, ಮಂಗ್ಯಾ ಎಲ್ಲಾ ಸಿಗ್ತಾವ, ಹುಡುಗ್ರು ಜಗ್ತಾವ, "ಬರೂ ಮುಂದ ನೋಡೂಣು" ಅಂತ ಹೇಳಿ ಮುಂದ ನಡೀರಿ. ಜಿಂಕಿ ಮಧ್ಯಾಹ್ನಾನೂ ಜಿಂಕಿನ, ಎಲ್ಲಿಗೂ ಹೋಗೂದಿಲ್ಲ. ಹುಲಿ ಹಂಗಲ್ಲ.

ಯಾಕಂದ್ರ ಈ ದೊಡ್ಡ ಬೆಕ್ಕಿನ ಜಾತಿ ದಿನದಾಗ ಹೆಚ್ಚಿನ ಹೊತ್ತು ಬರೇ ಮಲಗ್ತಾವ. ಕಾಡಿನ್ಯಾಗ ಅವು ಬೇಟಿ ಆಡೂದು ಸಂಜಿ ಕತ್ತಲಾಗೂ ಹೊತ್ತಿಗೆ, ರಾತ್ರಿ, ಮತ್ತ ಬೆಳಗಿನ ಜಾವ, ಒಂದ ಬೇಟಿಗೆ ಬೀಳೂ ಶಕ್ತಿ ಭಾಳ, ಅದಕ್ಕ ಉಳದ ಹೊತ್ತು ಮೈ ಉಳಿಸ್ಕೊಂಡು ಬಿದ್ದಿರ್ತಾವ. ಝೂದಾಗ ಹುಟ್ಟಿದ ಹುಲಿಗೂ ಈ ಗಡಿಯಾರ ಹೋಗೂದಿಲ್ಲ. ರಾತ್ರಿ ಒಳಗಿನ ಕೋಣ್ಯಾಗ ಇದ್ದ ಪ್ರಾಣಿನ ಮುಂಜಾನಿ ಬಯಲಿಗೆ ಬಿಡ್ತಾರ, ಬಿಟ್ಟ ಕೂಡ್ಲೆ ಅದು ತನ್ನ ಜಾಗಾ ಒಂದ ಸುತ್ತ ಹಾಕಿ, ಎಲ್ಲಾ ಮೂಸಿ, ಗಿಡಕ್ಕ ಬೆನ್ನ ಮಾಡಿ ನಿಂತು ಉಚ್ಚಿ ಹಾರ್ಸಿ ತನ್ನ ಗುರುತು ಹಾಕ್ತೈತಿ. ಹುಲಿ ಹಿಂದಕ್ಕ ಹಾರಸ್ತೈತಿ, ಅದಕ್ಕ ಬ್ಯಾರೆ ಊರಿನ ಝೂದಾಗಾದ್ರೂ ಸರಿ, ಜಾಳಿಗಿ ಹತ್ತೇಕ ಹುಲಿ ಬೆನ್ನ ತಿರುವಿ ಬಾಲ ಎತ್ತಿತಂದ್ರ ಫೋಟೋ ಆಸೆ ಬಿಟ್ಟು ಹಿಂದ ಸರೀರಿ, ಇದು ಜೋಕಲ್ಲ.

ಇನ್ನೊಂದ ವಿಷಯ, ಎಲ್ಲಾ ಪಂಜರಾ ಮುಗಿಸಬೇಕು ಅಂತ ಓಡಬ್ಯಾಡ್ರಿ. ಒಂದರ ಮುಂದ ಒಂದ ಹತ್ತಿಪ್ಪತ್ತ ನಿಮಿಷ ಸುಮ್ನ ನಿಂತ್ರ ಕಾಣೂದು, ಐದ ಪಂಜರಾ ಓಡಿ ನೋಡಿದ್ರ ಕಾಣಂಗಿಲ್ಲ. ಮಂದಿ ಬಂದು ಎರಡ ನಿಮಿಷ ನಿಂತು ಹೋಗ್ತಾರ, ಅವ್ರು ಹೋದ ಮ್ಯಾಲ ಗದ್ಲ ಕಡಿಮಿ ಆದಾಗ ಹುಲಿ ತಲಿ ಎತ್ತೂದು, ಇದನ್ನ ನೀವ ಪರೀಕ್ಷಾ ಮಾಡಿ ನೋಡ್ರಿ.

ಹುಲಿ ಮುಂದ ನಿಂತಾಗ ಏನ್ ನೋಡಬೇಕು

ಕಿವಿ ನೋಡ್ರಿ, ಮುಂದಲ್ಲ, ಹಿಂದ. ಕಿವಿ ಹಿಂದಿನ ಕರೀ ಜಾಗಾದ ನಡುವ ಒಂದ ಬೆಳ್ಳನ ಚುಕ್ಕಿ ಇರ್ತೈತಿ. ಹುಲಿ ತಲಿ ಬಗ್ಗಿಸಿ ನೀರ ಕುಡ್ಯೂ ಮುಂದ ಅದು ಎರಡ ಕಣ್ಣು ತಿರುಗಿ ನಿಮ್ಮನ್ನ ನೋಡಿದಂಗ ಕಾಣ್ತೈತಿ. ಯಾತಕ್ಕೈತಿ ಅನ್ನೂದ್ರ ಬಗ್ಗೆ ಒಬ್ಬೊಬ್ರು ಒಂದೊಂದ ಹೇಳ್ತಾರ, ಮರಿ ತಾಯಿ ಹಿಂದ ಹುಲ್ಲಾಗ ಬರೂ ಮುಂದ ಗುರ್ತಿಗೆ ಅಂತ ಕೆಲವ್ರು, ಹಿಂದಿಂದ ಬರೂವ್ರನ್ನ ಹೆದರ್ಸಾಕ ಅಂತ ಇನ್ನ ಕೆಲವ್ರು.

ಆಮ್ಯಾಲ ಪಟ್ಟಿ. ಒಂದ ಹುಲಿ ಪಟ್ಟಿ ಇನ್ನೊಂದಕ್ಕ ಇರೂದಿಲ್ಲ, ಅಷ್ಟ ಅಲ್ಲ, ಒಂದ ಹುಲಿ ಎಡಗಡಿ ಮೈ ಬಲಗಡಿಗೂ ಹೊಂದೂದಿಲ್ಲ. ಕಾಡಿನ್ಯಾಗ ಕ್ಯಾಮೆರಾ ಕಟ್ಟಿ ಎಣಸೂದು ಈ ಪಟ್ಟಿ ಮ್ಯಾಲನ, 2022ರ ಎಣಿಕ್ಯಾಗ ನಮ್ಮ ದೇಶಕ್ಕ ಸರಾಸರಿ 3,682 ಹುಲಿ ಅಂತ ಬಂತು, ಕರ್ನಾಟಕದಾಗ 563, ಮಧ್ಯಪ್ರದೇಶದ ಹಿಂದ ನಾವ ಎರಡನೇದವ್ರು. ಎರಡ ಹುಲಿ ಕಂಡ್ರ ಹುಡುಗ್ರಿಗೆ ಕೆಲಸ ಕೊಡ್ರಿ, ಹಣಿ ಮ್ಯಾಲಿನ ಪಟ್ಟಿ ನೋಡಿ ಎರಡಕ್ಕೂ ಏನ್ ಫರಕ್ ಅಂತ ಕಾಗದದ ಮ್ಯಾಲ ಗೀರ್ರಿ ಅಂತ. ಅರ್ಧಾ ತಾಸು ನಿಮಗ ಆರಾಮ.

ಸಪ್ಪಳಾನೂ ಕೇಳ್ರಿ. ಪರಿಚಯದ ಕೀಪರ್ ಹತ್ರ ಬಂದಾಗ ಕೆಲವ ಹುಲಿ ಮೂಗಿನ್ಯಾಗ ಫುರ್‌ಫುರ್ ಅಂತ ಉಸುರು ಬಿಟ್ಟಂಗ ಸಪ್ಪಳ ಮಾಡ್ತಾವ, ಅದು ಸಿಟ್ಟಲ್ಲ, ಅವರ ನಮಸ್ಕಾರ. ಮಂದಿ ಮಾತ್ರ "ಗುರ್ ಅಂತೈತಿ ನೋಡೋ" ಅಂತ ಹಿಂದ ಸರೀತಾರ.

ಒಂದ ಪ್ರಾಣಿ ಜಾಳಿಗಿ ಗುಂಟ ಅದ ದಾರ್ಯಾಗ ಹೋಗೂದು ಬರೂದು, ಹೋಗೂದು ಬರೂದು ಮಾಡ್ತಿದ್ರ ಅದನ್ನ ವಾಕಿಂಗ್ ಅಂತ ತಿಳ್ಕೋಬ್ಯಾಡ್ರಿ. ಊಟದ ಹೊತ್ತಾದ್ರ ಹಂಗ ಮಾಡ್ತಾವ, ಬ್ಯಾಸರ, ತ್ರಾಸು ಇದ್ರೂ ಮಾಡ್ತಾವ. ಅಂಥಾದ್ರ ಮುಂದ ಗದ್ಲ ಹಾಕೂದಂತೂ ಬ್ಯಾಡೇ ಬ್ಯಾಡ. ಮತ್ತ ಬಕೆಟ್ ನೋಡಿ "ಇವತ್ತ ಮಾಂಸ ಯಾಕ ಹಾಕಿಲ್ಲ" ಅಂತ ಕೀಪರ್ ಮ್ಯಾಲ ಏರಿ ಹೋಗೂ ಮಂದೀನೂ ಇರ್ತಾರ, ನಮ್ಮ ದೇಶದ ಭಾಳ ಝೂದಾಗ ವಾರಕ್ಕ ಒಂದ ದಿನ ಹುಲಿ-ಸಿಂಹಕ್ಕ ಉಪವಾಸ ಇಡ್ತಾರ, ಕಾಡಿನ್ಯಾಗ ಅವು ದಿನಾ ಎಲ್ಲಿ ಉಣ್ತಾವ?

ಚಿರತಿ ಹುಡುಕೂದು

ಚಿರತಿ ನೋಡೂದಲ್ಲ, ಹುಡುಕೂದು. ಮಂದಿ ನೆಲದ ಮ್ಯಾಲ ನೋಡಿ ಖಾಲಿ ಐತಿ ಅಂತ ಹೋಗ್ತಾರ. ನೀವು ಮೊದಲ ಮ್ಯಾಲ ನೋಡ್ರಿ, ಕಟ್ಟಿಗಿ ಅಟ್ಟ, ಗಿಡದ ಟೊಂಗಿ, ಜೋತುಬಿದ್ದ ಬಾಲ. ಬಾಲದ ತುದಿ ಒಂದೀಟ ಅಲುಗ್ತೈತಿ, ಅದನ್ನ ಹಿಡದು ಕಣ್ಣು ಮ್ಯಾಲ ಒಯ್ದ್ರ ಹೊಟ್ಟಿ, ಆಮ್ಯಾಲ ಜೋತಬಿಟ್ಟ ನಾಕೂ ಕಾಲು, ಕಡೀಕ ನಿಮ್ಮನ್ನ ಯಾವಾಗಿಂದನೋ ನೋಡಾಕತ್ತ ಎರಡ ಕಣ್ಣು. ಮೈಮ್ಯಾಲಿಂದು ತುಂಬಿದ ಚುಕ್ಕಿ ಅಲ್ಲ, ಒಡದ ಉಂಗುರ. ತುಂಬಿದ ಚುಕ್ಕಿ, ಕಣ್ಣಿಂದ ಬಾಯಿ ತನಕ ಕರೀ ಗೆರಿ ಇದ್ರ ಅದು ಚೀತಾ, ಅದು ಇಲ್ಲಿಲ್ಲ. ಕರಿ ಚಿರತಿ ಅಂತ ಬ್ಯಾರೆ ಜಾತೀನೂ ಇಲ್ಲ, ಇದ ಚಿರತಿ, ಮೈಬಣ್ಣ ಅಷ್ಟ ಕರ್ರಗ, ಬಿಸಿಲ ಬಿದ್ದಾಗ ಒಳಗಿನ ಉಂಗುರ ಕಾಣ್ತಾವ. ಅದರ ಕೂಗು ಕಟ್ಟಿಗಿ ಅಡ್ಡ್ಯಾಗ ಗರಗಸ ಎಳದಂಗ, ಖರ್-ಖರ್ ಅಂತ.

ನಮ್ಮ ಕಡೆ ಮಂದಿಗೆ ಚಿರತಿ ಬರೇ ಝೂ ಪ್ರಾಣಿ ಅಲ್ಲ. 2021ರ ಸೆಪ್ಟೆಂಬರ್‌ನ್ಯಾಗ ಹುಬ್ಬಳ್ಳಿ ನೃಪತುಂಗ ಬೆಟ್ಟದ ಕಡೆ ಚಿರತಿ ಬಂತಂತ ವಾಕಿಂಗ್ ಬಂದಾಗಿ ಸಾಲಿಗೆ ರಜಾ ಕೊಟ್ಟಿದ್ದು ನೆನಪೈತಲ್ಲ. ಗದಗಿನ ದಕ್ಷಿಣಕ್ಕ ಕಪ್ಪತಗುಡ್ಡ ಐತಿ, 2019ರಾಗ ವನ್ಯಜೀವಿ ಧಾಮ ಅಂತ ಆತು, ಅಲ್ಲಿ ಚಿರತೀನೂ ಅದಾವ, ತೋಳ, ಕತ್ತೆಕಿರುಬಾನೂ ಅದಾವ. 2022ರ ಅಂದಾಜಿನ್ಯಾಗ ಕರ್ನಾಟಕಕ್ಕ 1,879 ಚಿರತಿ. ಅದಕ್ಕ ಝೂದಾಗ ನಿಂತು ಅದು ಹ್ಯಾಂಗ ಅಡಗಿ ಕೂಡ್ತೈತಿ ಅನ್ನೂದನ್ನ ಹುಡುಗ್ರಿಗೆ ತೋರ್ಸಿದ್ರ, ಕಬ್ಬಿನ ಹೊಲದ ಬದುವಿನ್ಯಾಗ ಯಾಕ ಒಬ್ಬರ ಅಡ್ಡ್ಯಾಡಬಾರದು ಅಂತ ಬ್ಯಾರೆ ಹೇಳೂದ ಬ್ಯಾಡ.

ಕತ್ತೆಕಿರುಬ ಕಂಡ್ರ ಅಲ್ಲೂ ಒಂಚೂರ ನಿಲ್ರಿ. ನೋಡಾಕ ನಾಯಿ, ಆದ್ರ ವಂಶದ ಲೆಕ್ಕದಾಗ ಬೆಕ್ಕಿನ ಕಡೆ ಸಂಬಂಧಿಕ. ಪುನುಗು ಬೆಕ್ಕೂ ಹೆಸರಿಗಷ್ಟ ಬೆಕ್ಕು, ಅದರ ಮನಿತನ ಬ್ಯಾರೆ.

ಸಿಂಹ ಇದ್ರ ಕಿವಿ ನೋಡ್ರಿ, ಕೇಸರದ ನಡುವ ಕಿವಿ ಎದ್ದ ಕಾಣ್ತಾವೇನು, ಹೊಟ್ಟಿ ಕೆಳಗ ಉದ್ದಕ್ಕ ಚರ್ಮ ಮಡಚಿ ಜೋತು ಬಿದ್ದೈತೇನು ಅಂತ. ಅವೆರಡೂ ಗುಜರಾತಿನ ಗಿರ್ ಸಿಂಹದ ಲಕ್ಷಣ, 2025ರ ಲೆಕ್ಕದಾಗ ಅವು 891. ನಮ್ಮ ದೇಶದ ಝೂದಾಗ ಆಫ್ರಿಕಾ-ಗಿರ್ ಮಿಶ್ರ ಸಿಂಹಾನೂ ಅದಾವ. ಗರ್ಜನಿ ಕೇಳಿದ್ರ ನಿಮ್ಮ ನಸೀಬು. ಯಾವ ದಿನ ಯಾವುದನ್ನ ಹೊರಗ ಬಿಡ್ತಾರ ಅನ್ನೂದು ಅವರ ಕೈಯಾಗಿರ್ತೈತಿ, ಒಂದ ಕಾಣ್ಲಿಲ್ಲಂದ್ರ ಕೀಪರನ್ನ ಸಮಾಧಾನದಿಂದ ಕೇಳ್ರಿ, ಎಷ್ಟೋ ಸಲ ಅವರ ಮಾತು ಬೋರ್ಡಕಿಂತ ಛಲೋ ಇರ್ತೈತಿ.

ಮೊಬೈಲ್ ಫೋಟೋ

ಜಾಳಿಗಿ ಅಡ್ಡ ಬರ್ತೈತಿ ಅಂತ ಬ್ಯಾರಿಕೇಡ್ ದಾಟಿ ಕೈ ಚಾಚಬ್ಯಾಡ್ರಿ. ಪ್ರಾಣಿ ಜಾಳಿಗಿಯಿಂದ ದೂರ ಇರೂ ತನಕ ಕಾದು, ಝೂಮ್ ಮಾಡಿ, ಸ್ಕ್ರೀನ್ ಮ್ಯಾಲ ಅದರ ಕಣ್ಣಿಗೆ ಬೆರಳ ಒತ್ತಿ ಫೋಕಸ್ ಹಿಡೀರಿ, ತಂತಿ ತಾನ ಮಸುಕಾಗಿ ಹೋಗ್ತೈತಿ. ತಂತಿ ಮ್ಯಾಲ ಬಿಸಿಲ ಬಿದ್ದಿದ್ರ ಹೊಳೀತೈತಿ, ನೆಳ್ಳ ಬಿದ್ದ ಕಡೆ ನಿಂತು ತಗೀರಿ. ಫ್ಲ್ಯಾಶ್ ಬಂದ್ ಇರ್ಲಿ, ಬೆನ್ನ ಮಾಡಿ ಸೆಲ್ಫಿ ಹುಲಿಗಿಂತ ನಿಮ್ಮ ಮೂಗನ್ನ ದೊಡ್ಡದ ತೋರಸ್ತೈತಿ.

ಮತ್ತ ಕುರಕುರೆ, ಶೇಂಗಾ, ಬಾಳಿಹಣ್ಣು ಎಸ್ಯೂದು, ಕಲ್ಲ ಒಗ್ಯೂದು, ಜಾಳಿಗಿ ಬಡ್ಯೂದು ಬರೇ ಕೆಟ್ಟ ಚಾಳಿ ಅಲ್ಲ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಝೂದಾಗ ಪ್ರಾಣಿನ ಕಾಡೂದು, ತಿನಸೂದು, ಕಸಾ ಚೆಲ್ಲೂದು ಎಲ್ಲಾ ಅದರಾಗ ಬರ್ತೈತಿ. ನೀರಿನ ಬಾಟ್ಲಿ ಒಯ್ರಿ, ಟೊಪ್ಪಿಗಿ ಹಾಕ್ರಿ, ಭಡಕ್ ಕೆಂಪು-ಹಳದಿ ಅಂಗಿಕಿಂತ ಸಾದಾ ಬಣ್ಣ ಛಲೋ, ಪರ್ಫ್ಯೂಮ್ ಬ್ಯಾಡ. ಖುಷಿ ಆಗಿ ಏನರ ಕೊಡಬೇಕು ಅನಿಸಿದ್ರ ಪ್ರಾಣಿ ದತ್ತು ಯೋಜನಾ ಐತಿ, ಸಣ್ಣ ಹಕ್ಕಿಗೆ ಕಡಿಮಿ ರೊಕ್ಕ, ಹುಲಿಗೆ ಭಾಳ, ಆಫೀಸಿನ್ಯಾಗ ಕೇಳ್ರಿ, ಹುಡುಗ್ರ ಹುಟ್ಟಿದ ದಿನಕ್ಕ ಕೇಕ್ ಬದಲಿ ಒಂದ ಹಕ್ಕಿ ದತ್ತು ತಗೊಂಡ್ರ ಏನ್ ಕಮ್ಮಿ ಆತು.

ಈಗ ಹೊಳ್ಳಿ ಬರೂ ಮುಂದ ಜಿಂಕಿ, ಹಕ್ಕಿ, ಮಂಗ್ಯಾ ನೋಡ್ಕೋತ ಬರ್ರಿ.

ಬಿಸಿಲೇರಿದ ಮ್ಯಾಲ ಊರಾಗ

ಹನ್ನೊಂದೂವರಿ-ಹನ್ನೆರಡಕ್ಕ ಗದಗಿನ್ಯಾಗ ಇಳದ್ರ ಮೊದಲ ವೀರನಾರಾಯಣ ಗುಡಿ, ಯಾಕಂದ್ರ ಪೂಜಿ ನಡ್ಯೂ ಗುಡಿ, ಮಧ್ಯಾಹ್ನ ಬಾಗಲಾ ಹಾಕೂ ಸಾಧ್ಯತೆ ಇರ್ತೈತಿ. ಕುಮಾರವ್ಯಾಸ ಕನ್ನಡ ಭಾರತ ಬರದಿದ್ದು ಇಲ್ಲೇ ಕಂಬದ ಹತ್ರ ಕುಂತು, ಮೈಮ್ಯಾಲಿನ ಒದ್ದಿ ಅರಬಿ ಆರೂ ತನಕ ಪದ್ಯ ಬರ್ತಿದ್ವು ಅಂತ ಊರಾಗ ಹೇಳ್ತಾರ. ಕಂಬ ಕೇಳಿದ್ರ ತೋರಸ್ತಾರ. ಅವನ ಊರು ನಮ್ಮ ಹುಬ್ಬಳ್ಳಿ ಹತ್ರದ ಕೋಳಿವಾಡ, ಅಂದ್ರ ನೀವು ಬಂದ ದಿಕ್ಕಿನಿಂದನ ಅವನೂ ಗದಗಕ್ಕ ಬಂದಾಂವ.

ಆಮ್ಯಾಲ ತ್ರಿಕೂಟೇಶ್ವರ. ಚಾಲುಕ್ಯರ ಕಾಲದ ಕಲ್ಲಿನ ಗುಡಿ, ಒಂದ ಪೀಠದ ಮ್ಯಾಲ ಮೂರು ಲಿಂಗ, ಬ್ರಹ್ಮ-ವಿಷ್ಣು-ಮಹೇಶ್ವರ ಅಂತ. ಇದೇ ಆವರಣದಾಗ ಸರಸ್ವತಿ ಗುಡಿ ಐತಿ, ಖರೇ ಹೇಳಬೇಕಂದ್ರ ಇದಕ್ಕ ಹೆಚ್ಚ ಹೊತ್ತ ಕೊಡ್ರಿ. ಕಂಬದ ಮ್ಯಾಲ ಕೈ ಆಡ್ಸಾಕ ಹೋಗಬ್ಯಾಡ್ರಿ, ಕಣ್ಣಿಲೇನ ನೋಡ್ರಿ, ಕಂಬದ ಸುತ್ತ ತೆಳ್ಳನ ಬಳಿ ಬಳಿ, ಕಲ್ಲನ್ನ ತಿರುಗಿಸಿ ಕಡದ ಕೆಲಸ, ಒಂದೊಂದ ಕಂಬಕ್ಕ ಒಂದೊಂದ ನಮೂನಿ. ಮುಂಜಾನಿ ಸಿಂಹ ನೋಡಿದ ಹುಡುಗ್ರಿಗೆ ಇಲ್ಲಿ ಕೀರ್ತಿಮುಖ ಹುಡುಕಾಕ ಹೇಳ್ರಿ, ಉಬ್ಬಿದ ಕಣ್ಣು, ತಗದ ಬಾಯಿ, ಕಲ್ಲಕುಟಿಗ್ಯಾ ಸಿಂಹನ ಕಂಡಿದ್ನೋ ಇಲ್ಲೋ ಅಂತ ಅವ ಜಗಳಾ ಆಡ್ಲಿ.

ಭೀಷ್ಮ ಕೆರಿ ಕಡೆ ದೊಡ್ಡ ಬಸವಣ್ಣನ ಮೂರ್ತಿ ಐತಿ, ದೂರದಿಂದನ ಕಾಣ್ತೈತಿ, ಅದಕ್ಕ ಬಿಸಿಲಾಗ ಹೋಗಬ್ಯಾಡ್ರಿ, ಸಂಜಿಗೆ ಇಟ್ಕೋರಿ. ಹಾಡಿನ ಹುಚ್ಚ ಇದ್ದವ್ರು ವೀರೇಶ್ವರ ಪುಣ್ಯಾಶ್ರಮ ಬಿಡಬ್ಯಾಡ್ರಿ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ ಜಾಗಾ, ನಸೀಬಿದ್ರ ಯಾವುದೋ ಕೋಣ್ಯಾಗಿಂದ ಹಾರ್ಮೋನಿಯಂ ಕೇಳ್ತೈತಿ. ಭೀಮಸೇನ ಜೋಶಿ ಅವರು ಹುಟ್ಟಿದ್ದೂ ಇದೇ ಗದಗ ಜಿಲ್ಲಾದಾಗ, 1922ರಾಗ.

ಊಟಕ್ಕ ಯಾವುದರ ಗದ್ಲ ಇರೂ ಖಾನಾವಳಿ ನೋಡಿ ಹೊಗ್ರಿ, ಬಿಸಿ ಜ್ವಾಳದ ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಹಿಂಡಿ, ಮೊಸರು. ಸಂಜೀಕ ಮಿರ್ಚಿ-ಗಿರ್ಮಿಟ್. ಗದಗ ಮಿರ್ಚಿ ನಮ್ಮ ಹುಬ್ಬಳ್ಳಿ ಮಿರ್ಚಿಕಿಂತ ಛಲೋ ಅಂತ ಇಲ್ಲಿಯವ್ರು ಹೇಳ್ತಾರ, ನಾ ಇದರಾಗ ತಲಿ ಹಾಕೂದಿಲ್ಲ.

ಲಕ್ಕುಂಡಿ ಅದ ದಿನ ಬೇಕೇನು

ಗದಗಿಂದ 12 ಕಿಲೋಮೀಟರ್ ಅಷ್ಟ, ಅದಕ್ಕ ಎಲ್ಲಾರೂ ತುರುಕಾಕ ನೋಡ್ತಾರ. ಸ್ವಂತ ಗಾಡಿ ಇದ್ದು, ಸಣ್ಣ ಹುಡುಗ್ರು ಇಲ್ಲಾಂದ್ರ ಮೂರರ ಸುಮಾರಿಗೆ ಹೋಗ್ರಿ, ಆದ್ರ ಎಲ್ಲಾ ಗುಡಿ ನೋಡೂ ಆಸೆ ಬಿಟ್ಟು ಮೂರ ಆರಿಸ್ಕೋರಿ: ಕಾಶಿ ವಿಶ್ವನಾಥ ಗುಡಿಯ ಬಾಗಲವಾಡ ಕೆತ್ತನಿ, 1007ರಾಗ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಮತ್ತ ಮಾಣಿಕೇಶ್ವರ ಗುಡಿ ಮಗ್ಗಲಿನ ಮುಸುಕಿನ ಬಾವಿ. ಬಾವ್ಯಾಗ ಮೆಟ್ಟಿಲ ಇಳಿಯೂ ಮುಂದ ಹುಷಾರ್, ಮಳಿಗಾಲದಾಗ ಪಾಚಿ ಇರ್ತೈತಿ.

ಹುಡುಗ್ರು ದಣದಿದ್ರ ಲಕ್ಕುಂಡಿನ ಬ್ಯಾರೆ ದಿನಕ್ಕ ಬಿಡ್ರಿ, ಹೊಳ್ಳಿ ಹೋಗೂ ದಾರ್ಯಾಗ ಅಣ್ಣಿಗೇರಿ ಸಿಗ್ತೈತಿ, ಪಂಪ ಹುಟ್ಟಿದ ಊರು ಅಂತಾರ, ಅಮೃತೇಶ್ವರ ಗುಡಿ ಐತಿ, ಗಾಡಿ ನಿಲ್ಸಿ ಅರ್ಧಾ ತಾಸು ಕಾಲ ಆಡಿಸಿದ್ರ ಸಾಕು. ಸಫಾರಿ ಗಾಡ್ಯಾಗ ಕುಂತು ಹುಲಿ-ಸಿಂಹ ನೋಡಬೇಕು ಅನ್ನೂವ್ರಿಗೆ ಕಮಲಾಪುರದ ಝೂ ಐತಿ, ಅದನ್ನ ಹಂಪಿ ಟ್ರಿಪ್ ಜೋಡಿ ಇಟ್ಕೋರಿ, ಧಾರವಾಡದವ್ರು ಬೆಳಗಾವಿ ಆಚೆ ಭೂತರಾಮನಹಟ್ಟಿ ಝೂನೂ ನೋಡಬಹುದು, ಅಲ್ಲಿಗೂ ಮುಂಜಾನಿನ ಹೋಗ್ರಿ.